ಜಾತ್ರೆಯಲ್ಲಿ ಕೊಂಡದ್ದು

ತಿರುಮಕೂಡಲು ನರಸೀಪುರದಲ್ಲಿದ್ದ ನಮ್ಮ ಹಿರಿಯರ ಮನೆಯನ್ನು ಹೋದ ವರ್ಷ ಮಾರಿದೆವು. ಬೀಗದ ಕೈ ಒಪ್ಪಿಸುವ ಮೊದಲು ಅಟ್ಟದ ಮೇಲಿದ್ದುದನ್ನೆಲ್ಲ ಇಳಿಸಿ ನಡುಮನೆಯಲ್ಲಿ ಹರಡಿದ್ದಾಯಿತು. ತಾಮ್ರದ ಹಂಡೆಗೆ, ಹಿತ್ತಾಳೆಯ ಪಾತ್ರೆಗಳಿಗೆ, ತೇಗದ ಪೆಟ್ಟಿಗೆಗೆ ಕೇಳುವವರಿದ್ದರು. ಯಾರೂ ಕೇಳದೆ ಉಳಿದುವು ಮೂರು: ಕಟ್ಟು ಹಾಕಿಸಿದ ಒಂದು ಪಟ, ಟ್ರಂಕಿನ ತಳದಲ್ಲಿದ್ದ ಆಲ್ಪಾಕದ ಕರಿಯ ಕೋಟು, ದುಂಡು ಮುಚ್ಚಳದ ಮರದ ಪೆಟ್ಟಿಗೆಯೊಳಗೆ ಕೈಯಿಂದ ತಿರುಗಿಸುವ ಒಂದು ಹೊಲಿಗೆಯ ಯಂತ್ರ.

ನನ್ನ ತಮ್ಮನ ಮಗ ಪಟವನ್ನು ತನ್ನ ಫೋನಿನಲ್ಲಿ ಹಿಡಿದುಕೊಂಡು, "ಆಯಿತಲ್ಲ ದೊಡ್ಡಪ್ಪ, ಇನ್ನು ಕಟ್ಟು ಯಾಕೆ?" ಎಂದ. ಕೋಟನ್ನು ನುಸಿ ತಿಂದಿತ್ತು. ಯಂತ್ರಕ್ಕೆ ಮಾತ್ರ ಮೂರನೆಯ ದಿನ ಒಬ್ಬ ಗಿರಾಕಿ ಬಂದರು. ಮೈಸೂರಿನಲ್ಲಿ ಸಿದ್ಧ ಉಡುಪಿನ ಅಂಗಡಿಯಿಟ್ಟವರು. ಗಾಜಿನ ಕಪಾಟಿನಲ್ಲಿ ಅಲಂಕಾರಕ್ಕೆ ಇಡಬೇಕಂತೆ. "ಓಡದಿದ್ದರೂ ಚಿಂತೆಯಿಲ್ಲ ಸಾರ್, ಆ ಚಿನ್ನದ ಬಣ್ಣದ ಚಿತ್ತಾರ ಅಳಿಸದಿದ್ದರೆ ಸಾಕು" ಎಂದರು. ಅವರು ಹೇಳಿದ ಬೆಲೆ ಕಡಿಮೆಯದೇನೂ ಆಗಿರಲಿಲ್ಲ. ನಾನು ಒಂದು ವಾರದ ಗಡುವು ಕೇಳಿದೆ. ಆ ವಾರದಲ್ಲಿ ನನ್ನ ಮನಸ್ಸಿನಲ್ಲಿ ಸುಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಮೂರು ವಸ್ತುಗಳೂ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಆದ ವ್ಯಾಪಾರ. ಕೋಟಿನ ಬಟ್ಟೆಯನ್ನೂ ಯಂತ್ರವನ್ನೂ ಕೊಂಡದ್ದು ಒಂದು ವರ್ಷ, ಪಟ ತೆಗೆಸಿದ್ದು ಮರುವರ್ಷ. ಮನೆಯಲ್ಲಿ ಆ ಮೊದಲಿನ ವರ್ಷಕ್ಕೆ "ರಾಣಿ ಸತ್ತ ವರ್ಷ" ಎಂದೇ ಹೆಸರು. ವಿಕ್ಟೋರಿಯ ರಾಣಿ ತೀರಿಕೊಂಡದ್ದು 1901ರ ಜನವರಿ 22ರಂದು. ಯಂತ್ರವೂ ಈ ಮಾತಿಗೆ ಸಾಕ್ಷಿ ಹೇಳುತ್ತದೆ. ಅದರ ತಳದಲ್ಲಿ ಒತ್ತಿರುವ ಸಂಖ್ಯೆಯ ಮುಂದೆ ಒಂದು ಅಕ್ಷರವಿದೆ. ಸಿಂಗರ್ ಕಂಪನಿಯವರು ಸಂಖ್ಯೆಗೆ ಅಕ್ಷರ ಸೇರಿಸತೊಡಗಿದ್ದು 1900ರಲ್ಲಿ.

ವಿಕ್ಟೋರಿಯ ಕಾಲದ ಪೇಟೆಯೆಂದರೆ ನಮಗೆ ಬೆಂಗಳೂರಿನ ದಂಡು ನೆನಪಾಗುತ್ತದೆ. ಅಲ್ಲಿನ ಕಮರ್ಷಿಯಲ್ ಸ್ಟ್ರೀಟು, ದೊರೆಸಾನಿಯರ ಸಾರೋಟುಗಳು ಕಣ್ಣಿಗೆ ಕಟ್ಟುತ್ತವೆ. ನಂಜನಗೂಡಾಗಲಿ ನರಸೀಪುರವಾಗಲಿ ಅಂಥ ಊರುಗಳಲ್ಲ. ಒಂದು ಶ್ರೀಕಂಠೇಶ್ವರನ ಊರು. 385 ಅಡಿ ಉದ್ದ, 160 ಅಡಿ ಅಗಲ, 147 ಕಂಬಗಳ ದೇವಾಲಯದ ಸುತ್ತ ಬೆಳೆದದ್ದು. ಇನ್ನೊಂದು ಕಾವೇರಿ ಕಪಿಲೆಯರ ಸಂಗಮ. ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಹೇಳಿಕೊಳ್ಳುವ ಗುಂಜಾ ನರಸಿಂಹನ ಕ್ಷೇತ್ರ. ಆದರೂ ಸೀಮೆಯ ಸರಕು ಇಲ್ಲಿಗೂ ಬಂತು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಕಳಲೆಯ ದಳವಾಯಿ ದೇವರಾಜಯ್ಯನವರು 1735ರ ಸುಮಾರಿಗೆ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆಯೇ ಮುಂದೆ ಆ ರೈಲು ಬಹುಕಾಲ ಓಡಿತು. ಈಗ ಅದು ಪಕ್ಕದ ಹೊಸ ಸೇತುವೆಯ ಮೇಲೆ ಹೋಗುತ್ತದೆ. ಹಳೆಯದು ಕಮಾನುಗಳನ್ನು ನೀರಿನಲ್ಲಿ ನೋಡಿಕೊಳ್ಳುತ್ತ ನಿಂತಿದೆ.

ಆ ಜಾತ್ರೆಗೆ ನಮ್ಮ ಮನೆಯಿಂದ ಹೋದವರು ಮೂವರು. ನನ್ನ ತಾತ, ಆಗ ಇಪ್ಪತ್ತೈದರ ತರುಣ, ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತೆ. ಅವರ ತಾಯಿ. ಇನ್ನೊಬ್ಬಳು ತಾತನ ತಂಗಿ, ನಾವೆಲ್ಲ ದೊಡ್ಡಜ್ಜಿ ಎಂದು ಕರೆಯುತ್ತಿದ್ದವಳು. ಅವಳು ಹುಟ್ಟಿದ್ದು 1881ರಲ್ಲಿ, ಬ್ರಿಟಿಷರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದ ವರ್ಷ. ಏಳನೆಯ ವಯಸ್ಸಿಗೆ ಮದುವೆಯಾಯಿತು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸುವ ಕಾನೂನು ಮೈಸೂರಿನಲ್ಲಿ ಬಂದದ್ದು 1894ರಲ್ಲಿ. ಅವಳ ಪಾಲಿಗೆ ಅದು ತಡವಾಗಿತ್ತು. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಮರುವರ್ಷ ಅವಳ ಗಂಡನನ್ನು ಕೊಂಡೊಯ್ದಿತು. ಹದಿನೆಂಟರ ಹುಡುಗಿ ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ಅಣ್ಣನ ಮನೆ ಸೇರಿದಳು. ಆ ಸೀರೆಯ ಜೊತೆಗೆ ರವಿಕೆ ತೊಡುವಂತಿರಲಿಲ್ಲ. ಓದುಗರು ಈ ಕೊನೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ನರಸೀಪುರದಿಂದ ಎತ್ತಿನ ಗಾಡಿಯಲ್ಲಿ ಸುತ್ತೂರಿನ ಮೇಲೆ ಹೋಗಿ ಬೆಳಗಿನ ಜಾವಕ್ಕೆ ನಂಜನಗೂಡು ಸೇರಿದರಂತೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಈ ಐದು ತೇರುಗಳನ್ನೂ ಎಳೆಯುವ ಜಾತ್ರೆ ಅದು. ತೇರನ್ನು ನೋಡಿ ಕೈಮುಗಿದ ಮೇಲೆ ಜನ ನುಗ್ಗುತ್ತಿದ್ದುದು ಜವಳಿಯ ಸಾಲಿಗೆ. ಕೊಳ್ಳೇಗಾಲದ ರೇಷ್ಮೆ ಅಲ್ಲಿಗೆ ಬರುತ್ತಿತ್ತು. ಆಗ ಆ ಊರು ಮೈಸೂರಿಗೆ ಸೇರಿರಲಿಲ್ಲ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ಕಡೆಗೆ ಬಂದದ್ದು 1956ರಲ್ಲಿ. ದೇವಾಂಗದವರು ನೇಯ್ದ ನೂಲಿನ ಸೀರೆ, ಪಂಚೆ, ಕುರುಬರ ಕಂಬಳಿ ಒಂದು ಪಕ್ಕ. ಇನ್ನೊಂದು ಪಕ್ಕದಲ್ಲಿ ಸೀಮೆಯ ಮಲ್ಲು, ಛೀಟು, ಲಾಂಗ್ ಕ್ಲಾತು. ಲ್ಯಾಂಕಷೈರಿನ ಗಿರಣಿಯ ಬಟ್ಟೆ ನಯವಾಗಿ, ಹಗುರವಾಗಿ, ಅಗ್ಗವಾಗಿ ಬಂದಿತ್ತು. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 1878ರವರೆಗೆ, ಬಟ್ಟೆ ಕೊಳ್ಳುವವರಿಲ್ಲದೆ ಸೊರಗಿದ್ದ ನಮ್ಮ ಮಗ್ಗಗಳ ಎದುರಿಗೆ ಅದು ಬಂದು ಕುಳಿತಿತ್ತು.

ಸೀರೆಯೂ ಪಂಚೆಯೂ ಮಗ್ಗದಿಂದ ಇಳಿದಂತೆಯೇ ಮೈಗೆ ಬರುವ ಬಟ್ಟೆಗಳು, ಕತ್ತರಿಯ ಹಂಗಿಲ್ಲ. ಪೂಜೆಗೂ ಊಟಕ್ಕೂ ಮಡಿಯೆಂದು ಸಲ್ಲುವುವು ಅವೇ. ಆದರೆ ಕಚೇರಿಗೆ ಕೋಟು ಬೇಕು. ಹೊಸದಾಗಿ ಮದುವೆಯಾದ ಹುಡುಗಿಯರಿಗೆ, ಮೈಸೂರಿನ ದೊಡ್ಡ ಮನೆಗಳಲ್ಲಿ ಕಂಡಂತೆ, ಭುಜದಲ್ಲಿ ಉಬ್ಬಿದ ತೋಳಿನ ರವಿಕೆ ಬೇಕು. ಹೀಗೆ ಹೊಲಿದ ಬಟ್ಟೆ ಗೌರವದ ಗುರುತಾಗತೊಡಗಿತ್ತು. ತಾತ ಕೋಟಿಗೆಂದು ಆಲ್ಪಾಕದ ಬಟ್ಟೆ ಕೊಂಡರು. ಆಲ್ಪಾಕವೆಂಬುದು ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ಮೇಯುವ ಪ್ರಾಣಿ. ಅದರ ತುಪ್ಪಟವನ್ನು ಇಂಗ್ಲೆಂಡಿನ ಬ್ರಾಡ್‌ಫರ್ಡಿನವರು ನೂತು ನೇಯ್ದು ಲೋಕಕ್ಕೆಲ್ಲ ಮಾರುತ್ತಿದ್ದರು. ಅದನ್ನು ಕಪಿಲೆಯ ದಡದಲ್ಲಿ ಗಜಕ್ಕೆ ಇಷ್ಟೆಂದು ಚೌಕಾಸಿ ಮಾಡಿ ಕೊಂಡ ಗುಮಾಸ್ತೆಗೆ ಪೆರು ದೇಶ ಎಲ್ಲಿದೆಯೆಂಬುದು ತಿಳಿದಿರಲಾರದು. ತಿಳಿಯದಿದ್ದರೇನು? ಕೋಟು ಬೆಚ್ಚಗಿರುತ್ತದೆ.

ಬಟ್ಟೆ ಕೊಂಡರು, ದರ್ಜಿ ಕೇಳಿದ ಕೂಲಿ ಹೆಚ್ಚಾಯಿತು. ಅಣ್ಣ ಅವನೊಡನೆ ಚರ್ಚೆಗೆ ನಿಂತಾಗ ತಂಗಿ ಎದುರಿನ ಹಂದರದ ಕಡೆ ನೋಡುತ್ತಿದ್ದಳು. ಅಲ್ಲಿ ಹೊಲಿಗೆ ಯಂತ್ರದ ಕಂಪನಿಯ ಏಜೆಂಟ ಒಂದು ಯಂತ್ರವನ್ನು ತಿರುಗಿಸಿ ತೋರಿಸುತ್ತಿದ್ದ. ಕಣ್ಣನ್ನು ಮೊನೆಯಲ್ಲೇ ಇಟ್ಟುಕೊಂಡ ಸೂಜಿ ಬಟ್ಟೆಯೊಳಕ್ಕೆ ಇಳಿದು ದಾರದ ಒಂದು ಕುಣಿಕೆ ಬಿಡುತ್ತದೆ. ಕೆಳಗೆ ಮಗ್ಗದ ಲಾಳಿಯನ್ನೇ ಹೋಲುವ ಪುಟ್ಟದೊಂದು ಉಕ್ಕಿನ ಲಾಳಿ ಆ ಕುಣಿಕೆಯೊಳಗೆ ನುಸುಳಿ ಹೋಗುತ್ತದೆ. ಮೇಲಿನ ದಾರವೂ ಕೆಳಗಿನ ದಾರವೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಮೆರಿಕದ ಎಲಿಯಸ್ ಹೋ ಎಂಬಾತ 1846ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟು ಪಡೆದ. ಐಸಾಕ್ ಸಿಂಗರ್ 1851ರಲ್ಲಿ ಅದನ್ನು ಎಲ್ಲರೂ ಬಳಸಬಹುದಾದಂತೆ ಮಾಡಿದ. ಅವನ ಕಂಪನಿಯವರೇ ಮುಂದೆ ಕಂತಿನ ವ್ಯಾಪಾರವನ್ನೂ ಬಳಕೆಗೆ ತಂದರು: ಸ್ವಲ್ಪ ಈಗ ಕೊಟ್ಟು ಯಂತ್ರವನ್ನು ಕೊಂಡೊಯ್ಯುವುದು, ಉಳಿದುದನ್ನು ತಿಂಗಳು ತಿಂಗಳು ತೀರಿಸುವುದು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ 1885ರಲ್ಲಿ ಅವರು ತೆರೆದ ಕಾರ್ಖಾನೆಯಿಂದ ಈ ಯಂತ್ರಗಳು ಹಡಗೇರಿ ನಮ್ಮ ದೇಶಕ್ಕೂ ಬರುತ್ತಿದ್ದುವು.

ಮುಂದಿನದನ್ನು ನಾನು ದೊಡ್ಡಜ್ಜಿಯ ಬಾಯಿಂದಲೇ ಹಲವು ಸಲ ಕೇಳಿದ್ದೇನೆ. ಪರಪುರುಷನನ್ನು ಅವಳು ನೇರವಾಗಿ ಮಾತನಾಡಿಸುವಂತಿರಲಿಲ್ಲ. "ಅಣ್ಣಯ್ಯ, ಇದನ್ನು ಹೆಂಗಸರು ತಿರುಗಿಸಬಹುದೆ, ಕೇಳು" ಎಂದಳಂತೆ. ಏಜೆಂಟ ನಕ್ಕು, "ನಮ್ಮ ಕಂಪನಿಯ ಪಟ ನೋಡಿ ಸ್ವಾಮಿ, ಹೆಂಗಸರೇ ಕೂತಿದ್ದಾರೆ" ಎಂದ. ಆಗ ತಾಯಿ ಅಡ್ಡ ಬಂದರು. "ಅದರಲ್ಲಿ ತೊಗಲು ಇದೆಯೋ, ಕೇಳು. ಮಡಿ ಹೆಂಗಸು ತೊಗಲು ಮುಟ್ಟುವ ಹಾಗಿಲ್ಲ." ಕಾಲಿನಿಂದ ತುಳಿಯುವ ಯಂತ್ರಕ್ಕೆ ತೊಗಲಿನ ಪಟ್ಟಿಯಿದೆ, ಕೈಯಿಂದ ತಿರುಗಿಸುವುದಕ್ಕೆ ಬೇಡ, ಅದಕ್ಕೆ ಹಲ್ಲಿನ ಚಕ್ರವೇ ಸಾಕು ಎಂದು ಏಜೆಂಟ ಬಿಚ್ಚಿ ತೋರಿಸಿದ. ಆ ದಿನ ಕೈಯಂತ್ರ ನಮ್ಮ ಮನೆಗೆ ಬಂದದ್ದು ಈ ಕಾರಣದಿಂದ.

ಮುಂಗಡಕ್ಕೆ ಅವಳ ಒಂದು ಜೊತೆ ಬುಗುಡಿ ಹೋಯಿತು. ಇನ್ನು ಕಿವಿಗಿಡುವಂತಿಲ್ಲದ ಬುಗುಡಿ. ಉಳಿದ ಕಂತುಗಳನ್ನು ಮನಿಯಾರ್ಡರಿನಲ್ಲಿ ಕಳುಹಿಸಿದ್ದು. ಆ ಬೆಳ್ಳಿಯ ರೂಪಾಯಿಗಳ ಮೇಲಿದ್ದುದು ಇನ್ನೂ ವಿಕ್ಟೋರಿಯ ರಾಣಿಯ ಮುಖವೇ. ಕಿರೀಟ ಧರಿಸಿದ ಆ ಮುಖ ನಮ್ಮ ನಾಣ್ಯಗಳ ಮೇಲೆ ಬಂದದ್ದು 1862ರಲ್ಲಿ. ಆಕೆಯ ಗಂಡ ತೀರಿಕೊಂಡದ್ದು 1861ರ ಡಿಸೆಂಬರಿನಲ್ಲಿ. ಸುಮಾರು ನಲವತ್ತು ವರ್ಷ ಆಕೆ ಕರಿಯ ಉಡುಪನ್ನೇ ತೊಟ್ಟಳು. ಮೈಸೂರಿನಲ್ಲಿ ಆಗ ಆಳುತ್ತಿದ್ದವರು ವಾಣೀವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು. ನಂಜನಗೂಡಿಗೆ ಸಮೀಪದ ಕಳಲೆಯ ಮನೆತನದವರು. ಮಹಾರಾಜರಾದ ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ, ಮಗನು ಪ್ರಾಯಕ್ಕೆ ಬಂದು 1902ರಲ್ಲಿ ಅಧಿಕಾರ ವಹಿಸಿಕೊಳ್ಳುವವರೆಗೆ, ರೀಜೆಂಟರಾಗಿ ಸಂಸ್ಥಾನವನ್ನು ನಡೆಸಿದರು. ಎಂದರೆ, ಆ ಹೊತ್ತಿಗೆ ಚಕ್ರಾಧಿಪತ್ಯದ ನಾಣ್ಯದ ಮೇಲಿದ್ದವಳು ಒಬ್ಬ ವಿಧವೆ, ಸಂಸ್ಥಾನವನ್ನು ಆಳುತ್ತಿದ್ದವರು ಒಬ್ಬ ವಿಧವೆ, ಬುಗುಡಿ ಮಾರಿ ಯಂತ್ರ ಕೊಂಡವಳು ಒಬ್ಬ ವಿಧವೆ. ಮೊದಲಿನ ಇಬ್ಬರ ಭಾವಚಿತ್ರಗಳು ಗೋಡೆಗಳ ಮೇಲೆ ತೂಗಿದುವು. ಮೂರನೆಯವಳದು ಇಲ್ಲ.

ಹೊಲಿಯುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಅಣ್ಣನ ಹಳೆಯ ಅಂಗಿಯೊಂದನ್ನು ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ಅದೇ ಅಳತೆಗೆ ಮತ್ತೆ ಕತ್ತರಿಸಿ ಕಲಿತಳು. ವರ್ಷ ತಿರುಗುವುದರೊಳಗಾಗಿ ಆಲ್ಪಾಕದ ಕೋಟು ಸಿದ್ಧವಾಯಿತು. 1902ರ ಜಾತ್ರೆಗೆ ತಾತ ಅದನ್ನು ತೊಟ್ಟು, ಜರಿಯ ರುಮಾಲು ಸುತ್ತಿ, ಪಟ ತೆಗೆಸಿಕೊಳ್ಳಲು ಹೋದರು.

ಪಟ ತೆಗೆಸುವುದು ಆಗ ಸಾಮಾನ್ಯ ಸಂಗತಿಯಾಗಿರಲಿಲ್ಲ. ಅದಕ್ಕೆ ಮೊದಲು ನಮ್ಮ ಸೀಮೆಯಲ್ಲಿ ರೂಪ ಉಳಿಯುತ್ತಿದ್ದುದು ಅರಸರದು. ನಂಜನಗೂಡಿನ ದೇವಾಲಯದಲ್ಲಿಯೇ ಮುಮ್ಮಡಿ ಕೃಷ್ಣರಾಜ ಒಡೆಯರೂ ಅವರ ರಾಣಿಯರೂ ಕೈಮುಗಿದು ನಿಂತಿರುವ ಭಕ್ತವಿಗ್ರಹಗಳಿವೆ. ಇನ್ನು ದೇವರ ಪಟಗಳು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಸ್ಥಾಪಿಸಿದ ಮೇಲೆ ಅವನ ಲಕ್ಷ್ಮಿ, ಸರಸ್ವತಿಯರು ಬಣ್ಣದ ಅಚ್ಚಿನಲ್ಲಿ ಜಾತ್ರೆ ಜಾತ್ರೆಗೂ ಬಂದರು. ಜರಿಯಂಚಿನ ಸೀರೆಯುಟ್ಟು, ಹೊಲಿದ ರವಿಕೆ ತೊಟ್ಟು ಬಂದರು. ಒಂದು ಲಕ್ಷ್ಮಿಯ ಪಟ ನಮ್ಮ ನಡುಮನೆಯಲ್ಲೂ ಇತ್ತು. ಅದರ ಕೆಳಗೆ ಕುಳಿತೇ ದೊಡ್ಡಜ್ಜಿ ಹೊಲಿಯುತ್ತಿದ್ದಳು.

ಜಾತ್ರೆಯ ಪಟದವನು ಹಂದರದಲ್ಲಿ ಪರದೆಯೊಂದನ್ನು ಇಳಿಬಿಟ್ಟಿದ್ದ. ಪರದೆಯಲ್ಲಿ ಬರೆದ ಕಂಬಗಳು, ಮೆಟ್ಟಿಲು, ದೂರದಲ್ಲೊಂದು ಕೊಳ. ಮುಂದೆ ಒಂದು ಕುರ್ಚಿ, ಮೇಜು, ಮೇಜಿನ ಮೇಲೆ ದಪ್ಪನೆಯ ಪುಸ್ತಕ. ಕೋಟಿನ ಮೇಲೆ ತೂಗಬಿಡಲು ಗಡಿಯಾರದ ಸರಪಣಿಯನ್ನೂ ಅವನೇ ಕೊಡುತ್ತಿದ್ದ. ಸರಪಣಿಯ ತುದಿಯಲ್ಲಿ ಗಡಿಯಾರವಿರಲಿಲ್ಲ. ಪಟ ತೆಗೆಸಿದರೆ ಆಯುಸ್ಸು ಕುಗ್ಗುತ್ತದೆಂದು ತಾಯಿ ಹೆದರಿಸಿದರು. ತಾತ ಕೇಳಲಿಲ್ಲ, ಎಂಬತ್ತರವರೆಗೆ ಬದುಕಿದರು. ಆ ಪಟದಲ್ಲಿ ಅವರು ನ್ಯಾಯಾಧೀಶರಂತೆ ಕಾಣುತ್ತಾರೆ. ಹತ್ತಿರ ಹೋಗಿ ನೋಡಿದರೆ ಮಾತ್ರ ಕೋಟಿನ ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಮೇಲಿರುವುದು ತಿಳಿಯುತ್ತದೆ. ಅದು ತಾತನ ಭುಜದ ದೋಷವಲ್ಲ, ಹೊಲಿಗೆಯದು. ಮಕ್ಕಳು ನಾವು ಅದನ್ನು ತೋರಿಸಿ ನಗುತ್ತಿದ್ದೆವು. ದೊಡ್ಡಜ್ಜಿಯೂ ನಗುತ್ತಿದ್ದಳು. "ಮೊದಲನೆಯ ಕೋಟು ಕಣೋ, ಯಾರಿಗೆ ತಾನೆ ನೆಟ್ಟಗೆ ಬರುತ್ತೆ?"

ಮುಂದೆ ಅವಳು ಕೋಟಿನ ತಂಟೆಗೆ ಹೋಗಲಿಲ್ಲ, ರವಿಕೆ ಹಿಡಿದಳು. ಹೊಲಿದ ಬಟ್ಟೆ ಮಡಿಗೆ ಸಲ್ಲದು. ಆದುದರಿಂದ ಮಧ್ಯಾಹ್ನ ಊಟವಾದ ಮೇಲೆ ಯಂತ್ರದ ಮುಂದೆ ಕುಳಿತು ಸಂಜೆ ದೀಪ ಹಚ್ಚುವ ಮೊದಲು ಏಳುತ್ತಿದ್ದಳು. ರವಿಕೆಗೆ ಒಂದಾಣೆ. ಮದುವೆಯ ತಿಂಗಳುಗಳಲ್ಲಿ ಅಗ್ರಹಾರದ ಹೆಂಗಸರು ಸಾಲುಗಟ್ಟುತ್ತಿದ್ದರು. ಒಕ್ಕಲುಗೇರಿಯ ಹೆಂಗಸರೂ ಬರುತ್ತಿದ್ದರು, ಅವರ
ಬಟ್ಟೆಯನ್ನು ಜಗಲಿಯ ಮೇಲಿಡಿಸಿ ಆಮೇಲೆ ತೆಗೆದುಕೊಳ್ಳುತ್ತಿದ್ದಳು. ಕಟ್ಟುಪಾಡುಗಳನ್ನು ಮುರಿದವಳೆಂದು ಅವಳನ್ನು ಹೊಗಳಲು ನಾನು ಹೊರಟಿಲ್ಲ. ತನ್ನನ್ನು ಕಟ್ಟಿದ ಕಟ್ಟುಗಳನ್ನೂ ತಾನು ಇತರರಿಗೆ ಕಟ್ಟಿದ ಕಟ್ಟುಗಳನ್ನೂ ಅವಳು ಒಂದೇ ನಿಷ್ಠೆಯಿಂದ ಪಾಲಿಸಿದಳು. ಆದರೆ ಅಳತೆಯಲ್ಲಿ ಭೇದ ಮಾಡಲಿಲ್ಲ. ಜಗಲಿಯ ರವಿಕೆಗೂ ನಡುಮನೆಯ ರವಿಕೆಗೂ ಒಂದೇ ಹೊಲಿಗೆ, ಒಂದೇ ಕೂಲಿ. ಅರವತ್ತು ವರ್ಷಗಳಲ್ಲಿ ಅವಳು ಹೊಲಿದ ರವಿಕೆಗಳನ್ನು ಎಣಿಸಿದವರಿಲ್ಲ. ಅವುಗಳಲ್ಲಿ ಒಂದನ್ನೂ ಅವಳು ತೊಡಲಿಲ್ಲ.

ಆ ಒಂದೊಂದಾಣೆ ಕೂಡಿ ನನ್ನ ತಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದರು. 1920ರ ದಶಕದ ಕೊನೆಯ ವರ್ಷಗಳವು. ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿಯೂ ಬದನವಾಳಿನಲ್ಲಿಯೂ ಖಾದಿಯ ಕೆಲಸ ನಡೆಯುತ್ತಿತ್ತು. ವಿದ್ಯಾರ್ಥಿಗಳು ಸೀಮೆಯ ಬಟ್ಟೆಯನ್ನು ಬಿಡುತ್ತಿದ್ದರು. ನನ್ನ ತಂದೆಯೂ ಬಿಟ್ಟರು. ಬದನವಾಳಿನ ಖಾದಿಯನ್ನು ತಂದು ಅತ್ತೆಯ ಮುಂದಿಟ್ಟು, "ಬಟ್ಟೆಯೇನೋ ಸ್ವದೇಶಿ, ಯಂತ್ರ ಮಾತ್ರ ವಿದೇಶಿಯಾಯಿತಲ್ಲ ಅತ್ತೆ" ಎಂದು ತಮಾಷೆ ಮಾಡಿದರಂತೆ. ಇದಕ್ಕೆ ಸಮಾಧಾನವನ್ನು ಗಾಂಧೀಜಿಯೇ ಹೇಳಿದ್ದರು. 1924ರಲ್ಲಿ ಜಿ. ರಾಮಚಂದ್ರನ್ ಎಂಬ ತರುಣ, ತಾವು ಎಲ್ಲ ಯಂತ್ರಗಳಿಗೂ ವಿರೋಧಿಯೆ ಎಂದು ಕೇಳಿದಾಗ, ಸಿಂಗರನ ಹೊಲಿಗೆ ಯಂತ್ರವನ್ನು ಅವರು ಹೊರತುಪಡಿಸಿದರು. ಹೆಂಡತಿ ಸೂಜಿ ಹಿಡಿದು ದಣಿಯುವುದನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದನೆಂಬುದು ಅವರು ಕೊಟ್ಟ ಕಾರಣ. ಸಿಂಗರನ ಸಂಸಾರದ ಕಥೆ ನಿಜವಾಗಿ ಅಷ್ಟು ಸೊಗಸಾದದ್ದಲ್ಲ. ಆದರೂ ತಂದೆ ಆ ಮಾತನ್ನು ಓದಿ ಹೇಳಿದಾಗ ದೊಡ್ಡಜ್ಜಿ ಹಿಡಿಕೆಯನ್ನು ನಿಲ್ಲಿಸಿ ಕೇಳಿದಳು. ಸ್ವಲ್ಪ ಹೊತ್ತಾದ ಮೇಲೆ, "ಪುಣ್ಯವಂತೆ" ಎಂದಳು. ಅಷ್ಟೆ.

ಇನ್ನು ಹೇಳಬೇಕಾದುದು ನನ್ನದು. 1961ರಲ್ಲಿ ನನಗೆ ಉಪನಯನವಾಯಿತು. ಎಂಟು ವರ್ಷ ನನಗೆ, ಎಂಬತ್ತು ದೊಡ್ಡಜ್ಜಿಗೆ. ನನ್ನ ಅಕ್ಕಂದಿರ ಲಂಗ, ರವಿಕೆ, ಬಂದ ನೆಂಟರ ಮಕ್ಕಳ ಅಂಗಿ, ಎಲ್ಲವನ್ನೂ ಹದಿನೈದು ದಿನ ಕುಳಿತು ಹೊಲಿದಿದ್ದಳು. ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸ. ಅವಳ ಕಣ್ಣು ಆಗಲೇ ಮಂಜಾಗಿತ್ತು. ಮುಹೂರ್ತ ಮುಗಿದ ಮೇಲೆ ಮೈಸೂರಿನಿಂದ ಬಂದಿದ್ದ ಫೋಟೋದವರು ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ದೊಡ್ಡಜ್ಜಿ ಕಂಬದ ಪಕ್ಕದಲ್ಲಿ ನೋಡುತ್ತ ಕುಳಿತಿದ್ದಳು. ಫೋಟೋದ ಅಂಚಿಗೆ ಅವಳು ಬರುತ್ತಿದ್ದಳೆಂದು ತೋರುತ್ತದೆ. ಶುಭಕಾರ್ಯದ ಪಟದಲ್ಲಿ ಅವರು ಬೇಡವೆಂದು ಹಿರಿಯರೊಬ್ಬರು ಸನ್ನೆ ಮಾಡಿದರು. ಎದ್ದು ಹೋಗಿ ಹೇಳುವವರು ಯಾರು? ಮುಂದಿನ ಸಾಲಿನಲ್ಲಿ ಮಣೆಯ ಮೇಲೆ ಕುಳಿತಿದ್ದ ನಾನು ಎದ್ದೆ. ಯಾರೂ ನನ್ನನ್ನು ಕಳುಹಿಸಲಿಲ್ಲ. ಪಟ ಬೇಗ ತೆಗೆಯಲೆಂಬ ಆತುರ ನನಗೆ. "ಅಜ್ಜೀ, ನೀನು ಒಳಗೆ ಹೋಗಬೇಕಂತೆ" ಎಂದೆ.

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೋಗುವ ಮುನ್ನ ನನ್ನ ಹೆಗಲ ಮೇಲಿನ ವಸ್ತ್ರ ಜಾರಿದುದನ್ನು ಸರಿಪಡಿಸಲು ಕೈ ಚಾಚಿದಳು. ನಾನು ಮಡಿಯಲ್ಲಿದ್ದೇನೆಂಬುದು ನೆನಪಾಗಿರಬೇಕು, ಕೈಯನ್ನು ಹಿಂದೆ ತೆಗೆದುಕೊಂಡು, "ನೆಟ್ಟಗೆ ಹಾಕ್ಕೋ" ಎಂದು ಹೇಳಿ ಒಳಗೆ ಹೋದಳು. ಆ ದಿನ ಆ ಮನೆಯಲ್ಲಿ ತಲೆ ಬೋಳಿಸಿಕೊಂಡಿದ್ದವರು ನಾವಿಬ್ಬರೇ. ನನಗೆ ಒಂದು ಜುಟ್ಟಿತ್ತು. ಅದರಿಂದ ನಾನು ಪಟದ ನಡುವೆ ಕುಳಿತೆ.

ಕೆಲವು ತಿಂಗಳ ಮೇಲೆ, ಏಕೋ ತಳಮಳವಾಗಿ, "ಅಜ್ಜಿ, ನಿನ್ನದೂ ಒಂದು ಪಟ ತೆಗೆಸೋಣವೇ?" ಎಂದು ಕೇಳಿದೆ. ಅವಳು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. "ನನ್ನದು ಯಾಕೋ ಮಗು? ಈ ಬೀದಿಯ ಮದುವೆ ಪಟಗಳನ್ನೆಲ್ಲ ನೋಡು, ಯಾವುದರಲ್ಲಿ ನನ್ನ ಹೊಲಿಗೆ ಇಲ್ಲ?" ಎಂದಳು. ಅದು ಸಮಾಧಾನವೋ ಸಂಕಟವೋ ಆಗ ನನಗೆ ತಿಳಿಯಲಿಲ್ಲ. ಈಗಲೂ ನಿಶ್ಚಯವಾಗಿ ಹೇಳಲಾರೆ. 1964ರಲ್ಲಿ ಅವಳು ತೀರಿಕೊಂಡಳು.

ಜವಳಿ, ಪಟ, ಹೊಲಿಗೆಯ ಯಂತ್ರ, ಈ ಮೂರನ್ನೂ ಆ ಕಾಲದ ಜನ ಒಂದೇ ಆಸೆಯಿಂದ ಕೊಂಡರೆಂದು ನನಗೆ ತೋರುತ್ತದೆ. ತಾವು ಹೀಗಿದ್ದೆವೆಂದು ಮುಂದಿನವರಿಗೆ ಕಾಣಬೇಕೆಂಬ ಆಸೆ ಅದು. ಅದುವರೆಗೆ ಅರಸರಿಗೆ ಮಾತ್ರ ಇದ್ದ ಆಸೆ. ಅದು ಗುಮಾಸ್ತೆಯ ಕೈಗೂ ಎಟುಕಿತೆಂಬುದು ಸಣ್ಣ ಸಂಗತಿಯಲ್ಲ. ಆದರೆ ಒಂದೇ ಮನೆಯಲ್ಲಿ ಅಣ್ಣನಿಗೆ ಎಟುಕಿದುದು ತಂಗಿಗೆ ಎಟುಕಲಿಲ್ಲ. ಕಾಣುವವರನ್ನು ಸಿದ್ಧಗೊಳಿಸಿದ ಕೈ ಕಾಣದೆ ಹೋಯಿತು. ಹಳೆಯ ಪಟಗಳನ್ನು ನೋಡುವಾಗ ನಾವು ಮುಖಗಳನ್ನು ಗುರುತಿಸುತ್ತೇವೆ. ತೋಳಿನ ಹೊಲಿಗೆಯನ್ನು ಯಾರು ನೋಡುತ್ತಾರೆ?

ವಾರ ಕಳೆದ ಮೇಲೆ ಅಂಗಡಿಯವರಿಗೆ ಯಂತ್ರ ಕೊಡಲಾಗುವುದಿಲ್ಲವೆಂದು ತಿಳಿಸಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, ಅಂಥದು ಬೇರೆ ಕಡೆ ಸಿಕ್ಕೀತು ಎಂದರು. ನಂಜನಗೂಡಿನಲ್ಲಿ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವ ಮುದುಕರೊಬ್ಬರ ಬಳಿಗೆ ಅದನ್ನು ಕೊಂಡೊಯ್ದೆ. ಅವರು ಸೀಮೆಎಣ್ಣೆಯಲ್ಲಿ ಜಿಡ್ಡನ್ನು ತೊಳೆದು, ಲಾಳಿಯನ್ನು ಉಜ್ಜಿ, ಪೇಟೆಯಲ್ಲಿ ಸಿಗುವ ಇಂದಿನ ಸೂಜಿಯನ್ನೇ ಹಾಕಿದರು. ಹಿಡಿಕೆ ತಿರುಗಿತು. "ಇದಕ್ಕೆ ಇನ್ನೂ ನೂರು ವರ್ಷ ಏನೂ ಆಗಲ್ಲ, ಮೇಷ್ಟ್ರೇ" ಎಂದರು. ಈಗ ಅದು ನನ್ನ ಮೊಮ್ಮಗಳ ಮೇಜಿನ ಮೇಲಿದೆ. ಅವಳು ಅದರಲ್ಲಿ ಮೊದಲು ಹೊಲಿದದ್ದು ಒಂದು ಚೀಲ. ಅದರ ಒಂದು ಕಿವಿ ಇನ್ನೊಂದಕ್ಕಿಂತ ಒಂದು ಬೆರಳು ಮೇಲಿದೆ.

ಇನ್ನೊಂದು ಕೆಲಸ ಉಳಿದಿತ್ತು. ನನ್ನ ಉಪನಯನದ ಫೋಟೋದ ಹಿಂಬದಿಯಲ್ಲಿ ನನ್ನ ತಂದೆ ಅದರಲ್ಲಿರುವ ಹದಿನೇಳು ಜನರ ಹೆಸರುಗಳನ್ನು ಎಡದಿಂದ ಬಲಕ್ಕೆ, ಸಾಲು ಸಾಲಾಗಿ, ತಮ್ಮ ದುಂಡು ಅಕ್ಷರಗಳಲ್ಲಿ ಬರೆದಿದ್ದರು. ಕಟ್ಟನ್ನು ಬಿಚ್ಚಿ, ಆ ಹೆಸರುಗಳ ಕೆಳಗೆ ಒಂದು ಗೆರೆ ಎಳೆದು ಹೀಗೆ ಬರೆದೆ: "ಪಟದಲ್ಲಿರುವ ಬಟ್ಟೆಗಳನ್ನು ಹೊಲಿದವರು." ಅದರ ಮುಂದೆ ದೊಡ್ಡಜ್ಜಿಯ ಹೆಸರು ಬರೆದೆ. ಬರೆಯುವ ಮುನ್ನ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದುದನ್ನು ನಾನು ಕೇಳಿರಲಿಲ್ಲ. ನೆನಪಿಗೆ ಬಂದದ್ದು ಶ್ರಾದ್ಧದಲ್ಲಿ ಪುರೋಹಿತರು ಉಚ್ಚರಿಸಿದ ಹೆಸರು.